ದಣಿವು ಬೇರೆ, ಸ್ನಾಯುವಿನ ದುಡಿಮೆ ಬೇರೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಶುಗರ್ ಪ್ರಕರಣ

51 ವರ್ಷದ ಗಂಡಸು. ತೀರ್ಥಹಳ್ಳಿ ತಾಲ್ಲೂಕಿನ ಗುಡ್ಡದ ಮಗ್ಗುಲಲ್ಲಿ ಎರಡೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಮೂರು ಹಸು. ಟೈಪ್ 2 ಮಧುಮೇಹ ಪತ್ತೆಯಾಗಿ ಆರು ವರ್ಷ. ನುಂಗುವ ಮಾತ್ರೆಗಳು: ಮೆಟ್‌ಫಾರ್ಮಿನ್ 1000 ಮಿ.ಗ್ರಾಂ ದಿನಕ್ಕೆರಡು ಹೊತ್ತು, ಗ್ಲಿಮೆಪಿರೈಡ್ 2 ಮಿ.ಗ್ರಾಂ ಬೆಳಗ್ಗೆ ತಿಂಡಿಗೆ ಮುಂಚೆ. ಮಲೆನಾಡಿನ ಅಡಿಕೆ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಯಾರೋ ಒಬ್ಬರ ಆಸ್ಪತ್ರೆ ಕಡತವಲ್ಲ, ರೋಗಿಯ ಅಂಕಿಗಳೂ ಮಾದರಿಯವೇ.

ಆಗಸ್ಟ್ ನಡುವಿನಲ್ಲಿ ಅವರ ಸ್ಥಿತಿ ಹೀಗಿತ್ತು: ಕೆಲವು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ 8.4, ಖಾಲಿ ಹೊಟ್ಟೆಯಲ್ಲಿ ಶುಗರ್ 152, ಊಟವಾಗಿ ಎರಡು ಗಂಟೆಗೆ 238. ಎತ್ತರ 166 ಸೆಂ.ಮೀ., ತೂಕ 68 ಕೆ.ಜಿ., ಬಿಎಂಐ (ಎತ್ತರಕ್ಕೆ ತೂಕದ ಲೆಕ್ಕ) 24.7. ನೋಡಲು ದಪ್ಪವೇನಲ್ಲ. ಆದರೆ ಸೊಂಟದ ಸುತ್ತಳತೆ 96 ಸೆಂ.ಮೀ. ಭಾರತೀಯ ಗಂಡಸರಿಗೆ 90 ದಾಟಿದರೆ ಹುಷಾರಾಗಬೇಕು, ಬಿಎಂಐ ಕೂಡ 23ರಿಂದಲೇ ಹೆಚ್ಚು ಎಂದು ಲೆಕ್ಕ. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ನಮ್ಮ ಕಡೆ ಮಧುಮೇಹ ಬರುವ ಮೈಕಟ್ಟು ಬಹಳ ಸಲ ಇದೇ.

ವ್ಯಾಯಾಮದ ಮಾತು ಬಂದಾಗ ಅವರ ಉತ್ತರ ಸಿದ್ಧವಾಗಿತ್ತು: "ಬೆಳಗಾದರೆ ತೋಟ, ಬೈಗಾದರೆ ಕೊಟ್ಟಿಗೆ. ಇನ್ನೆಂಥ ವ್ಯಾಯಾಮ ಮಾರಾಯ್ರೆ?" ತಳ್ಳಿಹಾಕುವ ಮಾತಲ್ಲ ಇದು. ರಾತ್ರಿ ಹಾಸಿಗೆ ಸೇರುವಾಗ ಅವರು ನಿಜಕ್ಕೂ ದಣಿದಿರುತ್ತಾರೆ.

ಮೊದಲು ಅಳತೆಯನ್ನೇ ಅನುಮಾನಿಸಬೇಕಾಯಿತು. ಮನೆಯ ಗ್ಲುಕೋಮೀಟರ್ ಒಂದೇ ಬೆಳಗ್ಗೆ ಐದು ನಿಮಿಷದ ಅಂತರದಲ್ಲಿ 149 ಎಂದೂ 187 ಎಂದೂ ತೋರಿಸಿತ್ತು. ಕಾರಣ ಎರಡು. ರಕ್ತದ ಹನಿ ಹಾಕುವ ಪಟ್ಟಿಗಳ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಗೋಡೆಯೇ ಬೆವರುವ ಪುಷ್ಯ ಮಳೆಯ ಥಂಡಿಯಲ್ಲಿ ಪಟ್ಟಿಯ ರಾಸಾಯನಿಕ ಕೆಡಲು ಹೆಚ್ಚು ದಿನ ಬೇಡ. ಎರಡನೆಯದು, ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದ್ದು. ಹೊಸ ಡಬ್ಬಿ ತಂದು, ಸೋಪು ಹಾಕಿ ಕೈ ತೊಳೆದು ಒರೆಸಿಕೊಂಡು ಮತ್ತೆ ಮೂರು ದಿನ ಅಳೆದ ಮೇಲೆ ಅಂಕಿಗಳು ಒಂದು ದಾರಿಗೆ ಬಂದವು. ಸರಿಯಿರುವ ಮೀಟರಿಗೂ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಆಗಲು ಮಾನದಂಡದಲ್ಲೇ ಅವಕಾಶವಿದೆ. ಹಾಗಾಗಿ 160 ಇದ್ದದ್ದು 148 ಆಯಿತೆಂದು ಹಿಗ್ಗುವುದಕ್ಕೂ, 172 ಆಯಿತೆಂದು ಕುಗ್ಗುವುದಕ್ಕೂ ಅರ್ಥವಿಲ್ಲ.

ಹಳೆಯ ಚೀಟಿಗಳನ್ನು ಹರಡಿ ನೋಡಿದಾಗ ನಿಜವಾದ ಒಗಟು ಕಂಡಿತು. ಹಿಂದಿನ ಆಗಸ್ಟಿನಲ್ಲಿ ಎಚ್‌ಬಿಎ1ಸಿ 8.5, ಫೆಬ್ರುವರಿಯಲ್ಲಿ 8.2. ಮಳೆಗಾಲದಲ್ಲಿ ಏರುವುದು ಸರಿ, ಹೊರಗೆ ಕಾಲಿಡಲಾಗದ ದಿನಗಳವು. ಆದರೆ ಎಚ್‌ಬಿಎ1ಸಿ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಫೆಬ್ರುವರಿಯ ಅಂಕಿ ಎಂದರೆ ಅಡಿಕೆ ಕೊಯ್ಲಿನ ಅಂಕಿ. ವರ್ಷದಲ್ಲೇ ಅತಿ ಹೆಚ್ಚು ದುಡಿದ ಮೂರು ತಿಂಗಳಲ್ಲಿ ಯಾಕೆ ಇಷ್ಟೇ ಇಳಿಯಿತು?

ದಿನವನ್ನು ಬಿಡಿಸಿ ನೋಡಿದಾಗ

ಕೊಯ್ಲಿನ ಕಾಲದ ಒಂದು ದಿನವನ್ನು ಗಂಟೆಗಂಟೆಯಾಗಿ ಬರೆಸಲಾಯಿತು. ಗೊನೆ ಇಳಿಸುವವರು ಹೊರಗಿನವರು. ಗೊನೆ ಹೊರುವುದು ಕೂಲಿಯವರು, ರಸ್ತೆ ಇರುವಲ್ಲಿ ಪಿಕಪ್. ಯಜಮಾನರ ಪಾಲಿಗೆ ಉಳಿದದ್ದು ಮರದಡಿ ನಿಂತು ಲೆಕ್ಕ ನೋಡುವುದು, ಉದುರಡಿಕೆ ಹೆಕ್ಕಿಸುವುದು, ಮಧ್ಯಾಹ್ನದ ನಂತರ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹತ್ತರವರೆಗೆ ಸುಲಿಯುವುದು, ಆಮೇಲೆ ಬೇಯಿಸುವ ಹಂಡೆಯ ಪಕ್ಕ ಬೆಂಕಿ ಕಾಯುವುದು. ತೋಟಕ್ಕೆ ಹೋಗುವುದು ಬೈಕಿನಲ್ಲಿ. ತೋಟದೊಳಗಿನ ನಡಿಗೆ ನಾಲ್ಕು ಹೆಜ್ಜೆ ಹಾಕಿ ನಿಲ್ಲುವ, ಮರ ನೋಡಿ ಮತ್ತೆ ನಾಲ್ಕು ಹೆಜ್ಜೆ ಹಾಕುವ ನಡಿಗೆ. ಫೋನಿನ ಲೆಕ್ಕದಲ್ಲಿ ದಿನಕ್ಕೆ ಆರೂವರೆ ಸಾವಿರ ಹೆಜ್ಜೆ ಬಂದರೂ, ಒಂದೇ ಸಮನೆ ಹತ್ತು ನಿಮಿಷ ನಡೆದದ್ದು ಎಲ್ಲೂ ಇಲ್ಲ.

ಸುಲಿಯುವಾಗ ದುಡಿಯುವುದು ಬೆರಳು, ಮುಂಗೈ, ಸ್ವಲ್ಪ ಹೆಗಲು. ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ಏಳೆಂಟು ಗಂಟೆ ಮಡಿಸಿಕೊಂಡು ಸುಮ್ಮನಿರುತ್ತವೆ. ಬೆನ್ನು ನೋಯುತ್ತದೆ, ಕಣ್ಣು ಉರಿಯುತ್ತದೆ, ನಿದ್ದೆ ಸಾಲದು. ದಣಿವು ಬಂದದ್ದು ಅಲ್ಲಿಂದ.

ಇದಕ್ಕೆ ಊಟದ ಹೊತ್ತನ್ನೂ ಸೇರಿಸಬೇಕು. ಮಧ್ಯಾಹ್ನ ಒಂದೂವರೆಗೆ ಎರಡು ಸೌಟಿಗೂ ಮೀರಿದ ಅನ್ನ, ಸಾರು, ತಂಬುಳಿ, ಮಜ್ಜಿಗೆ, ಮೇಲೊಂದು ಕವಳ (ಎಲೆ-ಅಡಿಕೆ). ಮಳೆಗಾಲದಲ್ಲಾದರೆ ಅಲ್ಲಿಂದ ನೇರ ಮಂಚಕ್ಕೆ. ಕೊಯ್ಲಿನ ಕಾಲ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಊಟ, ಒಂಬತ್ತೂವರೆಗೆ ಹಾಸಿಗೆ. ದಿನದ ಎರಡು ದೊಡ್ಡ ಗ್ಲೂಕೋಸ್ ಅಲೆಗಳು ಏಳುವ ಹೊತ್ತಿಗೆ ಸರಿಯಾಗಿ ಮೈ ಅಲುಗದೆ ಬಿದ್ದಿರುತ್ತದೆ.

ಸ್ನಾಯುವಿನೊಳಗೆ ಏನಾಗುತ್ತದೆ

ಇನ್ಸುಲಿನ್ ಹೆಚ್ಚಿರುವಾಗ ರಕ್ತದಿಂದ ಹೊರಹೋಗುವ ಗ್ಲೂಕೋಸಿನ ಸುಮಾರು ಶೇ 80 ಭಾಗವನ್ನು ಎಳೆದುಕೊಳ್ಳುವುದು ಅಸ್ಥಿಸ್ನಾಯುಗಳು. ಅವು ಸುಮಾರು 400 ಗ್ರಾಂ ಗ್ಲೈಕೋಜನ್ (ಗ್ಲೂಕೋಸಿನ ದಾಸ್ತಾನು) ಇಟ್ಟುಕೊಳ್ಳಬಲ್ಲವು, ಯಕೃತ್ತಿನದ್ದು ಸುಮಾರು 100 ಗ್ರಾಂ. ಸ್ನಾಯುಕೋಶಕ್ಕೆ ಗ್ಲೂಕೋಸ್ ಸಾಗಿಸುವ ಪ್ರೋಟೀನಿನ ಹೆಸರು ಗ್ಲೂಟ್-4. ಬಿಡುವಿನಲ್ಲಿ ಅದು ಕೋಶದೊಳಗಿನ ಚೀಲಗಳಲ್ಲಿ ಅಡಗಿರುತ್ತದೆ, ಕರೆ ಬಂದಾಗ ಕೋಶದ ಪೊರೆಗೆ ಬರುತ್ತದೆ. ಕರೆಯಲು ಎರಡು ದಾರಿಗಳಿವೆ. ಇನ್ಸುಲಿನ್ ಬರುವುದು ಮುಂಬಾಗಿಲಿನಿಂದ. ಟೈಪ್ 2 ಮಧುಮೇಹದಲ್ಲಿ ಸ್ನಾಯುವಿನೊಳಗೆ ಜಮೆಯಾದ ಕೊಬ್ಬಿನ ಉಪವಸ್ತುಗಳು ಈ ಬಾಗಿಲಿನ ಸಂಕೇತಗಳನ್ನು ತಡೆಯುತ್ತವೆ, ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಸ್ನಾಯು ಕುಗ್ಗಿ ಹಿಗ್ಗುವಾಗ ಒಳಗಿನ ಕ್ಯಾಲ್ಸಿಯಂ, ಎಎಂಪಿಕೆ ಎಂಬ ಕಿಣ್ವ ಮುಂತಾದವು ಹಿತ್ತಿಲ ಬಾಗಿಲಿನಿಂದ ಅದೇ ಗ್ಲೂಟ್-4ನ್ನು ಹೊರಗೆ ತರುತ್ತವೆ. ಈ ಹಿತ್ತಿಲ ಬಾಗಿಲು ಮಧುಮೇಹಿಗಳಲ್ಲೂ ಹೆಚ್ಚುಕಡಿಮೆ ಚೆನ್ನಾಗಿಯೇ ತೆರೆಯುತ್ತದೆ.

ದುಡಿಯುವ ಸ್ನಾಯು ಗ್ಲೂಕೋಸ್ ಎಳೆಯುತ್ತದೆಂಬುದು ಹೊಸ ವಿಚಾರವಲ್ಲ. ಫ್ರಾನ್ಸಿನ ಶೋವೋ ಮತ್ತು ಕೌಫ್‌ಮನ್ 1887ರಲ್ಲೇ ಹುಲ್ಲು ಅಗಿಯುವ ಕುದುರೆಯ ದವಡೆಯ ಸ್ನಾಯುವಿನಲ್ಲಿ ಇದನ್ನು ಅಳೆದು ತೋರಿಸಿದ್ದರು. ಇನ್ಸುಲಿನ್ ಚುಚ್ಚುಮದ್ದು ಬಳಕೆಗೆ ಬಂದ 1922ರ ನಂತರ, ಅದರ ಪರಿಣಾಮವನ್ನು ವ್ಯಾಯಾಮ ಹೆಚ್ಚಿಸುತ್ತದೆಂದು ಲಂಡನ್ನಿನ ವೈದ್ಯ ಆರ್.ಡಿ. ಲಾರೆನ್ಸ್ 1926ರಲ್ಲಿ ಬರೆದರು. ಅವರಿಗೇ ಮಧುಮೇಹವಿತ್ತು.

ಈ ಪ್ರಕರಣಕ್ಕೆ ಮುಖ್ಯವಾದದ್ದು ಇನ್ನೊಂದು. ಡೆನ್ಮಾರ್ಕಿನಲ್ಲಿ ರಿಕ್ಟರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಒಂದೇ ಕಾಲಿಗೆ ವ್ಯಾಯಾಮ ಕೊಟ್ಟು ಕೆಲವು ಗಂಟೆಗಳ ನಂತರ ಎರಡೂ ಕಾಲುಗಳನ್ನು ಅಳೆದರು. ಇನ್ಸುಲಿನ್ ಸಂವೇದನೆ, ಅಂದರೆ ಇನ್ಸುಲಿನ್ ಕರೆಗೆ ಓಗೊಡುವ ಗುಣ, ಹೆಚ್ಚಿದ್ದು ದುಡಿದ ಕಾಲಿನಲ್ಲಿ, ಸುಮ್ಮನಿದ್ದ ಕಾಲಿನಲ್ಲಿ ಅಲ್ಲ. ಯಾವ ಸ್ನಾಯು ದುಡಿದು ತನ್ನ ಗ್ಲೈಕೋಜನ್ ಖರ್ಚು ಮಾಡಿತೋ ಅದೇ ಮತ್ತೆ ತುಂಬಿಕೊಳ್ಳಲು ಕಾತರಿಸುತ್ತದೆ. ಮುಂಗೈ ದುಡಿದರೆ ಮುಂಗೈಗೆ ಲಾಭ, ಆದರೆ ಮುಂಗೈಯಲ್ಲಿರುವ ಸ್ನಾಯು ಎಷ್ಟು? ತೊಡೆಯ ಸ್ನಾಯು ದುಡಿಯದೆ ಮೈಯ ಒಟ್ಟು ಲೆಕ್ಕ ಬದಲಾಗದು. ಈ ಸಂವೇದನೆ ಉಳಿಯುವುದೂ ಒಂದೆರಡು ದಿನ, ಹೆಚ್ಚೆಂದರೆ ಮೂರು. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂಬ ಸಲಹೆಯ ಬೇರು ಇಲ್ಲಿದೆ.

ಶುರು ಮಾಡುವ ಮುನ್ನ

ಕಣ್ಣಿನ ರೆಟಿನಾ ಪರೀಕ್ಷೆ, ಇಸಿಜಿ, ರಕ್ತದೊತ್ತಡ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್. ರೆಟಿನಾದಲ್ಲಿ ರಕ್ತನಾಳಗಳು ಹೊಸದಾಗಿ ಬೆಳೆದಿದ್ದರೆ ಭಾರ ಎತ್ತಿಸುವಂತಿಲ್ಲ. ಇವರಿಗೆ ಹಾಗಿರಲಿಲ್ಲ. 10 ಗ್ರಾಂ ಮೋನೋಫಿಲಮೆಂಟ್ ಎಳೆಯಲ್ಲಿ ಪಾದ ಮುಟ್ಟಿದಾಗ ಬಲ ಹೆಬ್ಬೆರಳ ಬುಡದಲ್ಲಿ ಸ್ಪರ್ಶ ತಿಳಿಯಲಿಲ್ಲ. ಸಸ್ಯಾಹಾರ, ಜೊತೆಗೆ ಆರು ವರ್ಷ ಮೆಟ್‌ಫಾರ್ಮಿನ್. ಹಾಗಾಗಿ ವಿಟಮಿನ್ ಬಿ12 ನೋಡಿಸಿದರೆ ಅದೂ ಕಡಿಮೆ, ಅದಕ್ಕೆ ಬೇರೆ ಚಿಕಿತ್ಸೆ. ಬರಿಗಾಲಲ್ಲಿ ತೋಟಕ್ಕಿಳಿಯುವುದು ಅಂದಿನಿಂದ ಬಂದ್. ಉಂಬಳ (ಜಿಗಣೆ) ಕಚ್ಚಿದ ಗಾಯ, ಬೆರಳ ಸಂದಿಯ ಕೆಸರು ಹುಣ್ಣು ಇವೆಯೇ ಎಂದು ರಾತ್ರಿ ಕಾಲು ತೊಳೆದಾಗ ನೋಡುವುದು ಹೆಂಡತಿಯ ಪಾಲಿಗೆ ಬಂತು. ಕಾಲಿಗೆ ತಿಳಿಯದ್ದನ್ನು ಕಣ್ಣು ನೋಡಬೇಕು.

ತೊಡೆಯ ಬಲಕ್ಕೆ ಸುಲಭ ಪರೀಕ್ಷೆ: ಎದೆಗೆ ಕೈಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು? ಇವರು 11 ಸಲ ಎದ್ದರು. 60ರಿಂದ 64ರ ಗಂಡಸರಲ್ಲೇ 14ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆಂದು ಲೆಕ್ಕ. ದಿನವಿಡೀ ತೋಟದಲ್ಲಿರುವ 51ರವರ ಕಾಲಿಗೆ ಈ ಅಂಕಿ ಬಂದದ್ದು ಅವರಿಗೇ ಆಶ್ಚರ್ಯ. ವಾದ ಅಲ್ಲಿಗೆ ಮುಗಿಯಿತು.

ನಂಬಿಕೆ ಹುಟ್ಟಿಸಿದ್ದು ಒಂದು ಚಿಕ್ಕ ಜೋಡಿ ಪ್ರಯೋಗ. ಅದೇ ಲೋಟದಲ್ಲಿ ಅಳೆದ ಅಕ್ಕಿಯ ಅನ್ನ, ಅದೇ ಸಾರು, ಅದೇ ಹೊತ್ತು. ಒಂದು ದಿನ ಉಂಡು ಮಲಗುವುದು, ಮರುದಿನ ಕೈ ತೊಳೆದು 15 ನಿಮಿಷದೊಳಗೆ ನಡಿಗೆ ಶುರು ಮಾಡಿ 15 ನಿಮಿಷ ನಡೆಯುವುದು. ಊಟ ಶುರುವಾಗಿ ಒಂದೂವರೆ ಗಂಟೆಗೆ ಅಳತೆ. ಮೀಟರಿನ ತಪ್ಪು ಮುಚ್ಚಿಹೋಗಲೆಂದು ಮೂರು ಜೋಡಿ ದಿನ ಮಾಡಿಸಲಾಯಿತು. ಮಲಗಿದ ದಿನಗಳಲ್ಲಿ 251, 238, 246. ನಡೆದ ದಿನಗಳಲ್ಲಿ 203, 194, 211. ಮಾತ್ರೆ ಬದಲಾಗಿಲ್ಲ, ಅನ್ನ ಬದಲಾಗಿಲ್ಲ.

ಜಗಲಿಯ ಮೇಲಿನ ಕಾರ್ಯಕ್ರಮ

ಆಶ್ಲೇಷ ಮಳೆ ಹೊಯ್ಯುವಾಗ "ದಿನಾ ಅರ್ಧ ಗಂಟೆ ವಾಕಿಂಗ್ ಹೋಗಿ" ಎಂಬ ಚೀಟಿ ಯಾರಿಗೂ ಉಪಯೋಗವಿಲ್ಲ. ಮನೆಯ ಜಗಲಿ ಉದ್ದ 32 ಅಡಿ, ಅಂಗಳಕ್ಕಿಳಿಯುವ ಮೆಟ್ಟಿಲಿನ ಎತ್ತರ 20 ಸೆಂ.ಮೀ. ಯೋಜನೆ ಇಷ್ಟರಲ್ಲೇ ಕೂರಬೇಕಿತ್ತು.

ಮಧ್ಯಾಹ್ನ, ರಾತ್ರಿ ಊಟದ ನಂತರ 15 ನಿಮಿಷ: ಎರಡು ನಿಮಿಷ ಜಗಲಿಯಲ್ಲಿ ಆಚೀಚೆ ನಡಿಗೆ, ಒಂದು ನಿಮಿಷ ಮೆಟ್ಟಿಲು ಹತ್ತಿಳಿಯುವುದು, ಹೀಗೆ ಐದು ಸುತ್ತು. ವೇಗ ನಿಮಿಷಕ್ಕೆ ಸುಮಾರು 100 ಹೆಜ್ಜೆ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಬರೀ ಆಚೀಚೆ ನಡೆದರೆ 32 ಅಡಿಗೊಮ್ಮೆ ತಿರುಗುವಾಗ ವೇಗ ಸತ್ತುಹೋಗುತ್ತದೆ, ಅದಕ್ಕೇ ಮೆಟ್ಟಿಲು.

ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದಕ್ಕೆ, ಹಾಲು ಕರೆಯುವ ಮುನ್ನ, 25 ನಿಮಿಷ ಬಲದ ವ್ಯಾಯಾಮ. 45 ಸೆಂ.ಮೀ. ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು 10 ಸಲ. ಮೆಟ್ಟಿಲು ಹತ್ತುವುದು ಕಾಲಿಗೆ ಹತ್ತರಂತೆ. 10 ಲೀಟರ್ ನೀರು ತುಂಬಿದ ಕೊಡವನ್ನು ಸೊಂಟದಿಂದ ಬಾಗಿ, ಬೆನ್ನು ನೇರವಿಟ್ಟು ನೆಲದಿಂದ ಎತ್ತಿ ಇಳಿಸುವುದು 10 ಸಲ. ಜಗಲಿ ಕಟ್ಟೆಗೆ ಕೈಕೊಟ್ಟು ದಂಡ 8 ಸಲ. ಕೈಗೊಂದು 5 ಲೀಟರ್ ಕ್ಯಾನ್ ಹಿಡಿದು ಜಗಲಿಯಲ್ಲಿ ನಾಲ್ಕು ಸಲ ಆಚೀಚೆ. ಇಷ್ಟು ಒಂದು ಸುತ್ತು, ಸುತ್ತುಗಳ ನಡುವೆ ಒಂದೂವರೆ ನಿಮಿಷ ಬಿಡುವು, ಒಟ್ಟು ಮೂರು ಸುತ್ತು. ಪ್ರತಿ ಸಲವೂ "ಇನ್ನೆರಡು ಮೂರು ಆಗುತ್ತಿತ್ತು" ಅನ್ನುವಲ್ಲಿ ನಿಲ್ಲಿಸಬೇಕು. ಎತ್ತುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ಗಕ್ಕನೆ ಏರುತ್ತದೆ. ಸತತ ಎರಡು ಸರದಿಯಲ್ಲಿ 15 ಸಲ ಸಲೀಸಾದರೆ ಮಗನ ಹಳೆಯ ಶಾಲೆ ಚೀಲಕ್ಕೆ 2 ಕೆ.ಜಿ. ಅಕ್ಕಿ ಹಾಕಿ ಬೆನ್ನಿಗೇರಿಸುವುದು. ಹತ್ತನೇ ವಾರಕ್ಕೆ ಚೀಲ 8 ಕೆ.ಜಿ. ಆಗಿತ್ತು.

ಊಟದಲ್ಲಿ ಬದಲಾದದ್ದು ಎರಡೇ: ದಿನದ ನಾಲ್ಕು ಕಾಫಿಯ ಸಕ್ಕರೆ ಹೋಯಿತು, ಅನ್ನದ ಒಂದು ಸೌಟು ಕಡಿಮೆಯಾಗಿ ಆ ಜಾಗಕ್ಕೆ ಪಲ್ಯ ಬಂತು. ಕವಳದ ಬಗ್ಗೆಯೂ ಮಾತಾಯಿತು. ಅಡಿಕೆ ಜಗಿಯುವವರಲ್ಲಿ ಮಧುಮೇಹ ಹೆಚ್ಚು ಕಾಣುತ್ತದೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ, ಬಾಯಿ ಕ್ಯಾನ್ಸರಿನ ಅಪಾಯವಂತೂ ಖಚಿತ. ಅಡಿಕೆಯಲ್ಲೇ ಬದುಕು ಕಟ್ಟಿಕೊಂಡವರ ಮುಂದೆ ಇದನ್ನು ಹೇಳುವುದು ಕಷ್ಟ, ಹೇಳದಿರುವುದು ಸರಿಯಲ್ಲ. ಎಂಟಿದ್ದ ಕವಳ ಮೂರಕ್ಕಿಳಿಯಿತು.

ಎಡವಿದ ಕಡೆಗಳು

ಮೂರನೇ ವಾರ ಅವರು ಬಲದ ವ್ಯಾಯಾಮವನ್ನು ಬೆಳಗ್ಗೆ ಆರಕ್ಕೆ, ಖಾಲಿ ಹೊಟ್ಟೆಗೆ ಬದಲಿಸಿದರು, ಭಾರವನ್ನೂ ಒಮ್ಮೆಗೇ ಏರಿಸಿದರು. ಮೊದಲು 141, ಮುಗಿದ ಮೇಲೆ 178. "ವ್ಯಾಯಾಮ ಮಾಡಿದರೆ ಶುಗರ್ ಏರುತ್ತದೆ" ಎಂದು ಫೋನ್ ಬಂತು. ಬೆಳಗಿನ ಜಾವ ಯಕೃತ್ತು ತಾನಾಗಿಯೇ ಗ್ಲೂಕೋಸ್ ಬಿಡುವ ಹೊತ್ತು. ಅದರ ಮೇಲೆ ಕಠಿಣ ಶ್ರಮದಿಂದ ಅಡ್ರಿನಾಲಿನ್ ಹೆಚ್ಚಿದರೆ ಯಕೃತ್ತು ಸುರಿಯುವುದು ಸ್ನಾಯು ಎಳೆಯುವುದಕ್ಕಿಂತ ಹೆಚ್ಚಾಗುತ್ತದೆ. ಒಂದೆರಡು ಗಂಟೆಯಲ್ಲಿ ಇಳಿಯುವ ಏರಿಕೆ ಇದು, ಹೆದರಬೇಕಿಲ್ಲ. ಆದರೂ ಅಂಕಿ ನೋಡಿ ಕೈಬಿಡುವ ಸ್ವಭಾವದವರಾದ್ದರಿಂದ ಸಂಜೆಗೇ ಮರಳಿಸಲಾಯಿತು.

ದಸರಾ ರಜೆಯಲ್ಲಿ ನೆಂಟರ ಜೊತೆ ಕವಲೇದುರ್ಗ ಹತ್ತಿದರು. ಹತ್ತುವಾಗ ಏನೂ ಆಗಲಿಲ್ಲ. ಕೆಳದಿ ನಾಯಕರ ಕಾಲದ ಆ ಕಲ್ಲುಹಾಸಿನ ದಾರಿ ಇಳಿದು ಮನೆಗೆ ಬಂದ ಮಾರನೇ ದಿನ ತೊಡೆ ಮುಟ್ಟಲಾಗದಷ್ಟು ನೋವು. ಖಾಲಿ ಹೊಟ್ಟೆಯ ಶುಗರ್ ಎರಡು ದಿನ 160ರ ಆಸುಪಾಸು, ಅದಕ್ಕೂ ಹಿಂದಿನ ವಾರ 130ರ ಸುತ್ತ ಇತ್ತು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ. ರೂಢಿಯಿಲ್ಲದವರಲ್ಲಿ ಇದರಿಂದ ತಂತುಗಳಿಗೆ ಸೂಕ್ಷ್ಮ ಗಾಯವಾಗಿ, ಗ್ಲೂಟ್-4 ಕುಗ್ಗಿ, ಒಂದೆರಡು ದಿನ ಇನ್ಸುಲಿನ್ ಸಂವೇದನೆ ಕೆಳಗಿಳಿಯುತ್ತದೆ. ಗುಡ್ಡದ ಸೀಮೆಯಲ್ಲಿ ವ್ಯಾಯಾಮ ಬರೆದುಕೊಡುವವರು ಇದನ್ನು ಮರೆಯಬಾರದು. ಮೈಸೂರಿನ ಸಮತಟ್ಟು ರಸ್ತೆಗೆ ಬರೆದದ್ದು ಇಲ್ಲಿ ಹಾಗೆಯೇ ನಡೆಯದು. ಪರಿಹಾರ ಇಳಿಜಾರನ್ನು ಬಿಡುವುದಲ್ಲ, ವಾರಕ್ಕೆ ಸ್ವಲ್ಪ ಸ್ವಲ್ಪ ರೂಢಿ ಮಾಡುವುದು. ಒಮ್ಮೆ ನೊಂದು ಚೇತರಿಸಿಕೊಂಡ ಸ್ನಾಯು ಮುಂದಿನ ಸಲ ಅಷ್ಟು ಗಾಯಗೊಳ್ಳದು. ಸೊಪ್ಪಿನ ಬೆಟ್ಟದ ದಾರಿಯಲ್ಲಿ ಮೊದಲ ವಾರ ಐದು ನಿಮಿಷ ಇಳಿಯುವುದು, ಮುಂದೆ ವಾರಕ್ಕೆರಡು ನಿಮಿಷ ಹೆಚ್ಚು.

ದೀಪಾವಳಿ ಹೊತ್ತಿಗೆ ಒಂಬತ್ತು ದಿನ ಎಲ್ಲವೂ ನಿಂತಿತು. ಊಟದ ನಂತರದ ಅಂಕಿ ಮತ್ತೆ 230 ದಾಟಿತು. ಹಬ್ಬದ ಹೋಳಿಗೆಯ ಪಾಲೂ ಇದರಲ್ಲಿದೆ, ಅದನ್ನು ಬೇರ್ಪಡಿಸಿ ಹೇಳಲಾಗದು.

ನಿಜಕ್ಕೂ ಅಪಾಯದ ಘಟನೆ ನವೆಂಬರಿನದು. ಕೊಯ್ಲಿಗೆ ಆಳು ಕಡಿಮೆಯಾಗಿ ಯಜಮಾನರೇ ಗೊನೆ ಹೊತ್ತು ತೋಟದಿಂದ ಅಂಗಳಕ್ಕೆ ಬೆಳಗ್ಗೆಯಿಂದ ಹತ್ತಿಳಿದರು. ಗ್ಲಿಮೆಪಿರೈಡ್ ಎಂದಿನಂತೆ ನುಂಗಿದ್ದರು, ಊಟ ಎರಡೂವರೆಯಾದರೂ ಆಗಿರಲಿಲ್ಲ. ಬೆವರು, ಕೈ ನಡುಕ, ಕಣ್ಣು ಮಂಜು, ಮೀಟರಿನಲ್ಲಿ 61. ಮನೆಯವರು ಮೊದಲು ಕೊಟ್ಟದ್ದು ಹಾಲು ಹಾಕಿದ ಕಾಫಿ, ಬಿಸ್ಕತ್ತು. ಕೊಬ್ಬು ಸೇರಿದ ತಿನಿಸು ಹೊಟ್ಟೆಯಿಂದ ನಿಧಾನ ಇಳಿಯುತ್ತದೆ, ಈ ಹೊತ್ತಿಗೆ ಅದು ಸಲ್ಲ. ಆಮೇಲೆ ನೀರಿಗೆ ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಕಲಸಿ ಕುಡಿಸಿದರು. 15 ನಿಮಿಷಕ್ಕೆ 86, ತಕ್ಷಣ ಊಟ. 15 ನಿಮಿಷದ ನಂತರವೂ 70ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ ಸಕ್ಕರೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೆಟ್‌ಫಾರ್ಮಿನ್ ಒಂದೇ ಇದ್ದಿದ್ದರೆ ಹೀಗಾಗುವ ಸಂಭವ ತೀರಾ ಕಡಿಮೆ. ಗ್ಲಿಮೆಪಿರೈಡ್ ಮಾತ್ರ ರಕ್ತದಲ್ಲಿ ಗ್ಲೂಕೋಸ್ ಇರಲಿ ಬಿಡಲಿ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ, ಆಗ ಎರಡೂ ಬಾಗಿಲು ಒಟ್ಟಿಗೆ ತೆರೆದಿರುತ್ತವೆ. ವೈದ್ಯರು ಅದನ್ನು 1 ಮಿ.ಗ್ರಾಂಗೆ ಇಳಿಸಿದರು, ಜನವರಿಯಲ್ಲಿ ನಿಲ್ಲಿಸಿದರು. ಸ್ನಾಯು ರಾತ್ರಿಯೆಲ್ಲ ಗ್ಲೈಕೋಜನ್ ತುಂಬಿಕೊಳ್ಳುತ್ತಿರುತ್ತದಾದ್ದರಿಂದ, ಆ ಮಾತ್ರೆ ಇದ್ದಷ್ಟು ದಿನ ಹೊರೆ ಹೊತ್ತ ದಿನ ಮಲಗುವ ಮುನ್ನ ಅಳೆದು, 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಮಲಗುವ ನಿಯಮವಿತ್ತು. ಮಾತ್ರೆ ಇಳಿಸುವುದು ವೈದ್ಯರ ಕೆಲಸ. "ವ್ಯಾಯಾಮ ಮಾಡ್ತೀನಲ್ಲ" ಎಂದು ತಾವೇ ಬಿಟ್ಟವರು ಮೂರು ತಿಂಗಳಿಗೆ 300 ಹೊತ್ತು ಬರುವುದುಂಟು.

ಆರು ತಿಂಗಳಿಗೆ

ನವೆಂಬರ್ ಕೊನೆಗೆ ಎಚ್‌ಬಿಎ1ಸಿ 7.6, ಫೆಬ್ರುವರಿಯಲ್ಲಿ 7.2. ಕುರ್ಚಿ ಪರೀಕ್ಷೆ 11ರಿಂದ 17. ಸೊಂಟ 92. ತೂಕ ಮಾತ್ರ 68ರಿಂದ 66.5, ಅಷ್ಟೇ. ತಕ್ಕಡಿ ನೋಡುತ್ತಾ ಕೂತವರು ಇಲ್ಲಿ ನಿರಾಶರಾಗುತ್ತಾರೆ. ವ್ಯಾಯಾಮ ಒಂದರಿಂದಲೇ ಎಚ್‌ಬಿಎ1ಸಿ ಸರಾಸರಿ 0.6ರಿಂದ 0.7ರಷ್ಟು ಇಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ, ಅದೂ ತೂಕ ಹೆಚ್ಚೇನೂ ಇಳಿಯದೆ. ಇಲ್ಲಿ 1.2 ಇಳಿದಿದೆ, ಗ್ಲಿಮೆಪಿರೈಡ್ ತೆಗೆದ ಮೇಲೂ. ಕಾಫಿಯ ಸಕ್ಕರೆಗೂ ಕಡಿಮೆಯಾದ ಅನ್ನಕ್ಕೂ ಇದರಲ್ಲಿ ಪಾಲು ಕೊಡಬೇಕು.

ಸುಲಿಗೆಯ ಸಮಸ್ಯೆ ಅರ್ಧ ಮಾತ್ರ ಬಗೆಹರಿದಿದೆ. ಅರ್ಧ ಗಂಟೆಗೊಮ್ಮೆ ಮೆಟ್ಟುಗತ್ತಿ ಬಿಟ್ಟೆದ್ದು, ಸುಲಿದ ಬುಟ್ಟಿಯನ್ನು ತಾವೇ ಹಂಡೆಯ ಬಳಿ ಒಯ್ದು ಸುರಿದು, ಹತ್ತು ಸಲ ಕೂತೇಳುವುದೆಂದು ಗೊತ್ತುಮಾಡಲಾಗಿತ್ತು. ಎಂಟು ಗಂಟೆಯವರೆಗೆ ನಡೆಯುತ್ತದೆ, ಆಮೇಲೆ ಮರೆಯುತ್ತದೆ. ಬೇಯಿಸುವ ರಾತ್ರಿಗಳ ನಿದ್ದೆಗೆಟ್ಟ ಬೆಳಗ್ಗೆ ಅಂಕಿ ಈಗಲೂ 15-20 ಹೆಚ್ಚು. ನಿದ್ದೆಗೇಡೂ ಇನ್ಸುಲಿನ್ ಸಂವೇದನೆ ಇಳಿಸುತ್ತದೆ, ಅದಕ್ಕೆ ಬೇಯಿಸುವ ಪಾಳಿಯನ್ನು ತಮ್ಮನ ಜೊತೆ ಹಂಚಿಕೊಳ್ಳುವುದೊಂದೇ ದಾರಿ. ಮುಂದಿನ ಎಚ್‌ಬಿಎ1ಸಿ, ಪಾದ ಮತ್ತು ಬಿ12 ಪರೀಕ್ಷೆ ಜೂನ್ ಮೊದಲ ವಾರ, ಆರಿದ್ರಾ ಹಿಡಿಯುವ ಮುನ್ನ. ಪಟ್ಟಿಯ ಹೊಸ ಡಬ್ಬಿ ತರುವುದೂ ಅದೇ ದಿನ.